ಹುಳುಮನೆಯ ರಾಗಿ

ಜುಲೈ 2, ಬುಧವಾರ

ಐದು ಕೆಜಿ ಒಂಬೈನೂರು ಗ್ರಾಂ. ಹೋದ ತಿಂಗಳೂ ಅಷ್ಟೇ.

ಅಂಗನವಾಡಿಯ ರಾಧಾಮಣಿ ಮೇಡಂ ಪಾಪುವನ್ನು ತಕ್ಕಡಿಯ ಜೋಲಿಯಿಂದ ಇಳಿಸಿ ಕಾರ್ಡಿನಲ್ಲಿ ಚುಕ್ಕೆ ಇಟ್ಟರು. ತೂಕ ಕಡಿಮೆಯಿರುವವರ ಹಳದಿ ಪಟ್ಟೆಯೊಳಗೆ ಬಿತ್ತು. "ಏಳು ತಿಂಗಳ ಹೆಣ್ಮಗು ಏಳು ಕೆಜಿನಾದ್ರೂ ಬೇಡ್ವಾ ಲತಾ? ಬರೀ ಎದೆಹಾಲು ಸಾಕಾಗಲ್ಲ, ರಾಗಿ ಸರಿ ತಿನ್ನಿಸು. ಮುಂದಿನ ತಿಂಗಳೂ ಏರಲಿಲ್ಲ ಅಂದ್ರೆ ದೊಡ್ಡಾಸ್ಪತ್ರೆಗೆ ಬರ್ಕೊಡ್ತೀನಿ. ಹದ್ನಾಲ್ಕು ದಿನ ಅಡ್ಮಿಟ್ ಮಾಡ್ಕೊತಾರೆ."

ತಿನ್ನಿಸು ಅಂತೆ. ತಿನ್ನಬೇಕಾದವಳು ತುಟಿ ಬಿಗಿಹಿಡಿದು ಕೂತರೆ ಬಿ.ಎಸ್ಸಿ. ಓದಿದ ತಾಯಿ ಏನು ಮಾಡಬೇಕು ಎಂದು ಆ ಕಾರ್ಡಿನಲ್ಲಿ ಎಲ್ಲೂ ಅಚ್ಚು ಹಾಕಿಲ್ಲ. ಹೆರಿಗೆಯಾದಾಗಿನಿಂದ ಎರಡು ಗಂಟೆ ಒಟ್ಟಿಗೆ ಮಲಗಿಲ್ಲ. ಪಾಪು ಮಲಗಿದರೂ ನನಗೆ ನಿದ್ದೆ ಹತ್ತುವುದಿಲ್ಲ. ಉಸಿರಾಡುತ್ತಿದ್ದಾಳಾ ಎಂದು ಮೂಗಿನ ಹತ್ತಿರ ಬೆರಳಿಡುತ್ತೇನೆ. ಬೆರಳಿಟ್ಟರೆ ಅವಳಿಗೆ ಎಚ್ಚರವಾಗುತ್ತದೆ.

ಮನೆಗೆ ಬಂದರೆ ಪಕ್ಕದಲ್ಲಿ ಬೋರ್ಡು ಏರಿಸುತ್ತಿದ್ದರು. 'ಹುಳುಮನೆ'. ಹೌದು, ಅದೇ ಹೆಸರು. ಚೆಲುವಯ್ಯನವರು ಮೂವತ್ತು ವರ್ಷ ರೇಷ್ಮೆಹುಳು ಸಾಕಿದ ಶೆಡ್ಡಿಗೆ ಅವರ ಮಗ ಬಾಲರಾಜು ಗಾಜು ಕೂರಿಸಿ, ದೊಡ್ಡ ದೊಡ್ಡ ಹಂಡೆ ಇಳಿಸಿ, ಅಲ್ಲೇ ರಾಗಿಯಿಂದ ಬಿಯರ್ ತಯಾರಿಸಿ ಅಲ್ಲೇ ಕುಡಿಸುತ್ತಾನಂತೆ. ಬೋರ್ಡಿನ ಕೆಳಗೆ ಸಣ್ಣಕ್ಷರದಲ್ಲಿ 'ನಮ್ಮೂರ ಊಟ, ನಮ್ಮೂರ ಕೂಟ'. ರಾಮನಗರದಲ್ಲಿ ಊಟದ ಜಾಗಕ್ಕೆ ಹುಳದ ಹೆಸರಿಡುವ ಬುದ್ಧಿವಂತ ಇವನೊಬ್ಬನೇ ಹುಟ್ಟಿದ್ದು, ಅದೂ ನಮ್ಮ ಗೋಡೆಗೆ ಅಂಟಿಕೊಂಡು.

ಜುಲೈ 6, ಭಾನುವಾರ

ಹತ್ತೂವರೆಗೇ ಮೈಕು. 'ಮುದ್ದೆ ನುಂಗುವ ಪಂದ್ಯ'. ಬಟ್ಟೆ ಒಣಗಿಸುವ ನೆಪದಲ್ಲಿ ತಾರಸಿಯಿಂದ ನೋಡಿದೆ. ಮೋಡ ಕವಿದ ದಿನ ಬಟ್ಟೆ ಯಾರು ಒಣಗಿಸುತ್ತಾರೆ ಎಂದು ಕೇಳುವವರಿಲ್ಲ.

ಬೆಂಗಳೂರಿನಿಂದ ಕಾರಿನಲ್ಲಿ ಬಂದವರು ಸಾಲಾಗಿ ಚಾಪೆ ಮೇಲೆ ಕೂತಿದ್ದರು. ಚಕ್ಕಳಮಕ್ಕಳ ಹಾಕಲು ಬಾರದೆ ಒಬ್ಬ ಗೋಡೆಗೆ ಒರಗಿದ್ದ. ಗಡ್ಡದವನೊಬ್ಬ ಮುದ್ದೆಯನ್ನು ಅಗಿಯುತ್ತಿದ್ದ. ಅಗಿಯುತ್ತಿದ್ದ! ಬಾಲರಾಜು ಮೈಕಿನಲ್ಲಿ, "ಸಾರ್, ಅಗೀಬ್ಯಾಡಿ ಸಾರ್, ಹಲ್ಲಿಗಂಟ್ಕೊತದೆ! ಗುಳುಂ ಅನ್ಸಿ, ಗುಳುಂ!" ಎಂದು ಅರಚುತ್ತಿದ್ದ. ಒಬ್ಬಳು ಬಸ್ಸಾರಿನ ಬಟ್ಟಲನ್ನು ನಾಲ್ಕು ಕಡೆಯಿಂದ ಫೋಟೋ ತೆಗೆದು ಪಕ್ಕಕ್ಕೆ ತಳ್ಳಿದಳು. ಗೆದ್ದದ್ದು ನಮ್ಮ ಬೀದಿಯ ಚಿಕ್ಕಹನುಮಯ್ಯ, ಎಪ್ಪತ್ತು ದಾಟಿದವರು, ಏಳು ಮುದ್ದೆ. ಬಹುಮಾನಕ್ಕೆ ಬಂದ ಖಾಲಿ ಬಿಯರ್ ಲೋಟ ಎತ್ತಿಕೊಂಡು "ಮಜ್ಜಿಗೆಗಾಯ್ತದೆ" ಅನ್ನುತ್ತಾ ಮನೆಗೆ ಹೋದರು.

ಅಲ್ಲಿ ಏಳು ಮುದ್ದೆ. ಇಲ್ಲಿ ನನ್ನ ಮಗಳಿಗೆ ಏಳು ಚಮಚ ಹೋಗುವುದಿಲ್ಲ.

ಸಂಜೆ ಬಾಲರಾಜು ತಟ್ಟೆ ಮುಚ್ಚಿಕೊಂಡು ಮನೆಗೇ ಬಂದ. "ದೊಡ್ಡವ್ವಾ, ಮೊದ್ಲನೇ ಭಾನ್ವಾರ. ನೀವು ಉಣ್ದೆ ಎಂಗೆ?" ನಮ್ಮತ್ತೆ ಕೆಂಚಮ್ಮನವರು ಅಲ್ಲೇ ಬೆರಳದ್ದಿ ನೆಕ್ಕಿದರು. "ಖಾರ ಒಸಿ ಮುಂದಾಗದೆ ಕಣ್ಲಾ ಬಾಲ. ಯಾರ್ಲಾ ಒಗ್ಗರಣೆ ಕೊಟ್ಟೋನು?" ನಾನು "ಮಗು ಮಲಗಿದೆ" ಎಂದು ಬಾಗಿಲು ಮುಂದಕ್ಕೆ ತಳ್ಳಿದೆ. ಪಾಪು ನನ್ನ ಸೊಂಟದಲ್ಲೇ ಇದ್ದಳು, ಅವನನ್ನು ನೋಡಿ ನಗುತ್ತಿದ್ದಳು.

ಜುಲೈ 8, ಮಂಗಳವಾರ

ಇವತ್ತು ಒಂದು ಕೆಲಸ ಮಾಡಿದೆ. ರಿಟೈರಾದ ರಾಮಲಿಂಗಯ್ಯ ಮೇಷ್ಟ್ರು ಬಂದು, "ಲತಾಮಣಿ, ನಿನ್ ಅಕ್ಷರ ಮುತ್ತಿನಂಗವೆ. ಬೀದಿ ಪರವಾಗಿ ಒಂದರ್ಜಿ ಬರ್ಕೊಡವ್ವ, ಈ ದರಿದ್ರ ಎತ್ತಂಗಡಿ ಆಗ್ಲಿ" ಅಂದರು. ಎರಡು ಪುಟ ಬರೆದೆ. ಕಾರಣ ಒಂದು: ಬೀದಿಯ ಹಸುಗೂಸುಗಳ ಆರೋಗ್ಯಕ್ಕೆ ಧಕ್ಕೆ. ಆಮೇಲೆ ಮೈಕು, ಕಾರುಗಳು, ಹೆಣ್ಣುಮಕ್ಕಳ ಓಡಾಟ. ಮೊದಲನೆಯದನ್ನು ಬರೆಯುವಾಗ ಕೈ ತಾನೇ ಓಡಿತು. ತೂಕ ಏರದಿರುವುದಕ್ಕೆ ಯಾರಾದರೂ ಕಾರಣವಾಗಿರಲೇಬೇಕಲ್ಲ.

ಇಪ್ಪತ್ತೆರಡು ಸಹಿ ಬಿದ್ದವು. ಅತ್ತೆ ಮಾತ್ರ ಹಾಕಲಿಲ್ಲ. ಸೊಂಟ ನೋವಂತೆ.

ಜುಲೈ 11, ಶುಕ್ರವಾರ

ನಾನೇ ಮೊಳಕೆ ಕಟ್ಟಿದ್ದ ರಾಗಿ ಮತ್ತೆ ಹಾಳಾಯಿತು. ಇದು ಮೂರನೇ ಸಲ. ಮುಚ್ಚಳ ತೆಗೆದರೆ ಒದ್ದೆ ಗೋಣಿಯ ವಾಸನೆ, ಮೇಲೆ ಬಿಳಿ ಕೂದಲು. ಆಷಾಢದಲ್ಲಿ ಬಿಸಿಲೆಲ್ಲಿಂದ ತರಲಿ? ಹೋದ ಸಲ ಹಾಳಾಗದೆ ಉಳಿದಷ್ಟನ್ನು ಕ್ರಿಮಿ ಸಾಯಲೆಂದು ಚೆನ್ನಾಗಿ ಹುರಿದು, ಬೀಸಿ, ಸರಿ ಕಾಯಿಸಿದೆ. ಬಟ್ಟಲಲ್ಲಿ ಚಮಚ ನೆಟ್ಟಗೆ ನಿಂತಿತು. ಪಾಪು ಒಂದು ತುತ್ತು ನಾಲಿಗೆಯಲ್ಲಿ ಹೊರಕ್ಕೆ ದಬ್ಬಿದಳು, ಎರಡನೆಯದಕ್ಕೆ ಓಕರಿಸಿದಳು, ಮೂರನೆಯದಕ್ಕೆ ಬಾಯಿಯೇ ತೆರೆಯಲಿಲ್ಲ.

ನೀರು ಹೆಚ್ಚು ಹಾಕಿದರೆ ಬರೀ ನೀರು ಕುಡಿದಂತೆ, ತೂಕವೆಲ್ಲಿಂದ ಬರಬೇಕು? ಅಂಗಡಿಯ ಪ್ಯಾಕೆಟ್ ಪುಡಿಯನ್ನೂ ಉಗಿದಳು.

ನನ್ನ ಗಂಡ ಲೋಕೇಶ್‌ಗೆ ಬಿಡದಿಯ ಫ್ಯಾಕ್ಟರಿಯಲ್ಲಿ ಎರಡನೇ ಶಿಫ್ಟು. ಫೋನ್ ಮಾಡಿದರೆ "ಲೈನಲ್ಲಿದೀನಿ ಲತಾ, ಆಮೇಲ್ ಮಾಡ್ತೀನಿ" ಅಂದರು. ಮಾಡಲಿಲ್ಲ. ಗೋಡೆಯಾಚೆ ಯಾರೋ ಗಿಟಾರ್ ಹಿಡಿದು ಜನಪದ ಗೀತೆ ಹಾಡುತ್ತಿದ್ದರು. ಜನಪದರು ಕೇಳಿದ್ದರೆ ಎದ್ದು ಬಂದು ಹೊಡೆಯುತ್ತಿದ್ದರು.

ಜುಲೈ 15, ಮಂಗಳವಾರ

ತಿಂದಳು!

ಅರ್ಧ ಬಟ್ಟಲು. ಅತ್ತೆ ಕಾಯಿಸಿದ್ದು. ನೋಡಲು ತೆಳ್ಳಗೆ ಕೆಂಪಗಿತ್ತು, ಆದರೆ ನೀರಲ್ಲ, ಚಮಚದ ಬೆನ್ನಿಗೆ ಹತ್ತುತ್ತಿತ್ತು. ಪಾಪು ಬಾಯಿ ಚಪ್ಪರಿಸಿ ಅತ್ತೆಯ ಕೈ ಹಿಡಿದೆಳೆದಳು. "ಎಲ್ಲಿಯ ರಾಗಿ ಅತ್ತೆ?" "ಅಕ್ಕೂರ್ದು ಕಣವ್ವ. ನಮ್ ತಮ್ಮ ಕಳ್ಸವ್ನೆ." ಅತ್ತೆಯ ತವರು ಅಕ್ಕೂರಿನಿಂದ ಯಾರು ಬಂದರು, ಯಾವಾಗ ಬಂದರು, ನಾನು ನೋಡಲಿಲ್ಲ. ನೋಡುವ ಸ್ಥಿತಿಯಲ್ಲಿ ಇದ್ದೆನೇ?

ಜುಲೈ 17, ಗುರುವಾರ

ಮುಕ್ಕಾಲು ಬಟ್ಟಲು.

ಜುಲೈ 18, ಶುಕ್ರವಾರ

ಒಂದು ಬಟ್ಟಲು, ಸಂಜೆ ಇನ್ನರ್ಧ. ಅತ್ತೆಯ ತಮ್ಮನಿಗೆ ಒಳ್ಳೆಯದಾಗಲಿ.

ಜುಲೈ 20, ಭಾನುವಾರ

ಡಬ್ಬಿ ಈಗಷ್ಟೇ ತೊಳೆದಿಟ್ಟು ಬರೆಯಲು ಕೂತೆ.

ಇವತ್ತು ಹುಳುಮನೆಯಲ್ಲಿ ಬಂದವರಿಗೆಲ್ಲ 'ನಮ್ಮ ರಾಗಿ ನೋಡಬನ್ನಿ' ಎಂಬ ಮೆರವಣಿಗೆ. ಬಾಲರಾಜು ಮೈಕು ಹಿಡಿದು ಕೋಣೆ ಕೋಣೆ ಸುತ್ತುತ್ತಿದ್ದ. ನಾನು ಅಡುಗೆಮನೆಯಲ್ಲಿದ್ದೆ. ಒಂದೊಂದು ಮಾತೂ ಕಿಟಕಿಯೊಳಗೆ ಬಂದು ಬೀಳುತ್ತಿತ್ತು.

"ಇದೇ ನೋಡಿ ಸ್ವಾಮಿ, ಮೊಳ್ಕೆ ರಾಗಿ! ಹಂಡೆಗೋದ್ರೆ ಬಿಯರ್ರು, ಒಲೆಗೋದ್ರೆ ಮಕ್ಳ ಸರಿ. ಸುಳ್ಳು ಅಂತೀರಾ? ನಮ್ ಪಕ್ಕದ್ಮನೆ ಪಾಪುನೇ ಸಾಕ್ಷಿ! ಒಂದ್ ವಾರದಿಂದ ನಮ್ದೇ ರಾಗಿ, ಬಟ್ಲು ನೆಕ್ತದಂತೆ!"

ಚಪ್ಪಾಳೆ. ನನ್ನ ಮಗಳಿಗೆ ಗಡ್ಡದವರು ಚಪ್ಪಾಳೆ ತಟ್ಟಿದರು.

ಅತ್ತೆ ಹಿತ್ತಲಲ್ಲಿ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಅಕ್ಕೂರಿಂದ ಬಂತು ಅಂದ್ರಲ್ಲ ಅತ್ತೆ?"

"ಅಕ್ಕೂರ್ದೇ ಕಣವ್ವ. ಬಾಲ ಅಲ್ಲಿಂದ್ಲೇ ತರ್ಸೋದು."

"ನಿಮ್ಮ ತಮ್ಮ ಕಳಿಸಿದ್ದು ಅಂದ್ರಿ!"

"ಅವ್ನೂ ನಂಗೆ ತಮ್ಮನಂಗೇ ಅಲ್ವಾ."

"ಹೆಂಡದ ರಾಗೀನ ನನ್ನ ಮಗಳ ಬಾಯಿಗೆ ಹಾಕಿದ್ರಾ?"

ಆಗ ತಲೆ ಎತ್ತಿದರು. "ಹೆಂಡ ಆಗಾಕ್ ಮುಂಚೆ ಅದು ರಾಗಿ ತಾನೇ? ಮಗ ತಿಂತು. ಹದ್ನೈದು ಕ್ಲಾಸು ಓದಿದ್ಯಲ್ಲ, ನಿನ್ ಓದು ಒಂದ್ ಚಮ್ಚ ತಿನ್ಸಿತಾ?"

ಡಬ್ಬಿಯಲ್ಲಿದ್ದಷ್ಟನ್ನೂ ಚರಂಡಿಗೆ ಸುರಿದೆ. ಡಬ್ಬಿಗೆ ಮೂರು ಸಲ ಸೋಪು ಹಾಕಿದೆ. ಅರ್ಜಿ ಬರೆದವಳ ಮಗಳೇ ಅವರ ಜಾಹೀರಾತು. ಬೀದಿಯಲ್ಲಿ ಯಾವ ಮುಖ ಹೊತ್ತು ನಡೆಯಲಿ?

ಜುಲೈ 21, ಸೋಮವಾರ

ಪ್ಯಾಕೆಟ್ ಪುಡಿ. ಉಗಿದಳು.

ಜುಲೈ 22, ಮಂಗಳವಾರ

ಅಕ್ಕಿ ಗಂಜಿ. ಉಗಿದಳು. ಬಾಳೆಹಣ್ಣು ಒಸಿ ಹೋಯಿತು. ಅತ್ತೆ ಮಾತಾಡುತ್ತಿಲ್ಲ, ಪಾತ್ರೆಗಳು ಮಾತಾಡುತ್ತಿವೆ.

ಜುಲೈ 24, ಗುರುವಾರ

ಪಾಪುವಿನ ತೊಡೆಯ ಚರ್ಮ ಹಿಡಿದು ನೋಡಿದೆ. ಸಡಿಲವಾಗಿದೆಯೋ, ನನ್ನ ಕಣ್ಣೋ. ಹದಿನಾಲ್ಕು ದಿನ ಆಸ್ಪತ್ರೆ. ಸೂಜಿ ಚುಚ್ಚಲು ಈ ಕೈಯಲ್ಲಿ ನರವೆಲ್ಲಿದೆ? ನಾಳೆ ಹುಳುಮನೆಗೆ ಹೋಗುತ್ತೇನೆ. ನೋಡಿಕೊಂಡು ಬರಲು ಅಷ್ಟೇ. ಏನೇನು ಕೊಳಕು ಬೆರೆಸುತ್ತಾರೆ ಎಂದು ಕಣ್ಣಾರೆ ನೋಡಿದರೆ ಅರ್ಜಿಗೂ ಸೇರಿಸಬಹುದು.

ಜುಲೈ 25, ಶುಕ್ರವಾರ

ಬೆಳಿಗ್ಗೆ ಹತ್ತಕ್ಕೆ ಹೋದೆ, ಬಾಗಿಲು ತೆರೆಯುವ ಮುಂಚೆ. ತಲೆ ಮೇಲೆ ಸೆರಗು, ಸೊಂಟದಲ್ಲಿ ಪಾಪು.

ರಾಗಿ ನೋಡಿಕೊಳ್ಳುವವರು ಮತೀನ್ ಎಂಬುವರು, ಐವತ್ತೈದು ದಾಟಿರಬೇಕು. ಮೂವತ್ತು ವರ್ಷ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವ ಕೆಲಸ. ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬೆಳ್ಳಗೆ ಬೆಂದುಹೋಗಿವೆ. ರಾಗಿಯ ಶಾಖ ನೋಡಲು ಬಾಲರಾಜುವಿಗೆ ಥರ್ಮಾಮೀಟರು ಬೇಕು, ಇವರಿಗೆ ಬೆರಳು ಸಾಕಂತೆ. ಕೊಳಕು ಹುಡುಕಿದೆ. ಹುಳು ಸಾಕುವ ಬಿದಿರು ತಟ್ಟೆಗಳನ್ನು ತೊಳೆದು, ಒಂದರ ಮೇಲೊಂದು ಅಂತರ ಬಿಟ್ಟು ಜೋಡಿಸಿ, ಒದ್ದೆ ಹತ್ತಿಬಟ್ಟೆಯ ಮೇಲೆ ರಾಗಿ ಹರವಿದ್ದರು. ನಮ್ಮ ಅಡುಗೆಮನೆಗಿಂತ ಚೊಕ್ಕಟ. ಅದೂ ಸಿಟ್ಟೇ ತರಿಸಿತು.

"ನೀವು ಮಾಡಿದ್ದು ಹೆಂಗೆ ಹೇಳಮ್ಮ," ಅಂದರು.

"ನೆನೆಸಿ ಡಬ್ಬಿಗೆ ಹಾಕಿ ಮುಚ್ಚಳ ಬಿಗಿ ಮಾಡಿ ಮೂರು ದಿನ ಇಟ್ಟೆ. ಧೂಳು ಬೀಳಬಾರದಲ್ಲ."

"ಯಾ ಅಲ್ಲಾ! ಅದಕ್ಕೆ ಉಸ್ರು ಬ್ಯಾಡ್ವಾ? ನಾಲ್ಕು ಗಂಟೆಗೊಂದ್ ಸಲ ತಿರುವ್ಬೇಕು, ಇಲ್ಲಾಂದ್ರೆ ಬೆವ್ತು ಬೂಸ್ಟು ಬರ್ತದೆ. ಆಮೇಲೆ?"

"ಉಳಿದದ್ದನ್ನ ಹುರಿದೆ. ಕ್ರಿಮಿ ಸಾಯಲಿ ಅಂತ. ಹೊಗೆ ಬರೋವರೆಗೂ."

ಮುದುಕ ಹೊಟ್ಟೆ ಹಿಡಿದು ನಕ್ಕರು. "ಕ್ರಿಮಿನೂ ಸತ್ತೋಯ್ತು, ರಾಗಿನೂ ಸತ್ತೋಯ್ತು. ಮೊಳ್ಕೇಲಿ ಜೀವ ಐತಲ್ಲಮ್ಮ, ಅದೇ ಸರೀನ ತೆಳ್ಳಗೆ ಮಾಡೋದು. ಅದನ್ನ ಸುಟ್ಟಾಕಿದ್ರೆ ಗೋಂದು. ಪಾಪು ಗೋಂದು ತಿಂತದಾ? ಬೆಚ್ಚಗೆ ಒಣಗ್ಸು, ಬೀಸು, ತಣ್ಣೀರಲ್ ಕಲಸಿ ಸಣ್ಣ ಉರಿಲಿ ಬಿಸಿ ಮಾಡು. ತೆಳ್ಳಗಾದ್ಮೇಲೆ ಚೆನ್ನಾಗಿ ಕುದ್ಸು. ಕ್ರಿಮಿ ಆವಾಗ್ ಸಾಯ್ತದೆ."

ನಿಂತಲ್ಲೇ ನೆನಪಾಯಿತು. ಎರಡನೇ ವರ್ಷದ ಪ್ರಾಕ್ಟಿಕಲ್. ಗಂಜಿಗೆ ಅಯೋಡಿನ್ ಹಾಕಿದರೆ ನೀಲಿ. ಮೊಳಕೆಯ ರಸ ಬೆರೆಸಿ ಬೆಚ್ಚಗಿಟ್ಟರೆ ನೀಲಿ ಮಾಯ. ಗಂಜಿ ಕರಗಿಸುವ ಕಿಣ್ವ, ಅಮೈಲೇಸ್. ಇಪ್ಪತ್ತಕ್ಕೆ ಹದಿನೆಂಟು ಬಂದಿತ್ತು ನನಗೆ. ರೆಕಾರ್ಡಿನಲ್ಲಿ ಚಿತ್ರ ಬಿಡಿಸಿ ಬಣ್ಣ ಬೇರೆ ಹಚ್ಚಿದ್ದೆ. ಇಷ್ಟು ದಿನ ಗೊತ್ತಿದ್ದರೂ ಗೊತ್ತಿಲ್ಲದವಳಂತೆ ಆ ಅಮೈಲೇಸನ್ನು ಬಾಣಲೆಯಲ್ಲಿ ಸುಡಬಹುದಾದರೆ ಆ ಹದಿನೆಂಟನ್ನು ಏನೆಂದು ಕರೆಯಬೇಕು?

ಒಂದು ಪೊಟ್ಟಣ ಕೊಟ್ಟರು. ಸುಮ್ಮನೆ ಇಸಿದುಕೊಳ್ಳಲು ಮನಸ್ಸಾಗಲಿಲ್ಲ. ಹೊರಬರುವಾಗ ಕಪ್ಪು ಹಲಗೆ ಕಂಡಿತು: 'ಆಗಸ್ಟ್ 3, ವಿಶೇಷ ಬಾಣಂತಿ ಊಟ. ಮೆಣಸಿನ ಸಾರು, ಬದನೆಕಾಯಿ ಗೊಜ್ಜು, ಮೊಸರನ್ನ.' ಬಾಲರಾಜು ಅಲ್ಲೇ ಕುರ್ಚಿ ಒರೆಸುತ್ತಿದ್ದ.

"ಬಾಣಂತಿಗೆ ಬದನೆಕಾಯಿ ಕೊಡೋದು ಯಾವೂರಲ್ರೀ? ಮೊಸರು ಬೇರೆ! ಇದು ಬಾಣಂತೀನ ಸಾಯ್ಸೋ ಊಟ."

"ಅಯ್ಯೋ, ಯೂಟ್ಯೂಬಲ್ ನೋಡ್ದೆ ಕಣಕ್ಕ," ಅಂದ. ಮುಖ ಸಣ್ಣದಾಯಿತು. "ಮೈಕಲ್ ಪಾಪು ವಿಚಾರ ಹೇಳ್ಬಾರ್ದಿತ್ತು. ದೊಡ್ಡವ್ವ ಬಂದು ಸರ್ಯಾಗಿ ಉಗುದ್ರು. ಬಿಡ್ಬ್ಯಾಡಿ, ನೀವೇ ಬಂದು ಈ ಊಟ ಒಂದ್ ಸರಿ ಮಾಡ್ಕೊಡಿ."

ಪೊಟ್ಟಣಕ್ಕೆ ಇದು ಸರಿಹೋಯಿತು ಎಂದುಕೊಂಡು ಒಪ್ಪಿದೆ. ಬೇರೆ ಕಾರಣವಿಲ್ಲ.

ಮಧ್ಯಾಹ್ನ ಅತ್ತೆಯ ಮುಂದೆ ಪೊಟ್ಟಣ ಇಟ್ಟೆ. ಅವರು ಒಲೆ ಹಚ್ಚಿದರು. ಒಂದು ಬಟ್ಟಲು.

ಆಗಸ್ಟ್ 3, ಭಾನುವಾರ

ಅತ್ತೆ ಒಲೆ ಮುಂದೆ, ನಾನು ಅತ್ತೆಯ ಹಿಂದೆ. ಮೆಣಸು, ಜೀರಿಗೆ, ಬೆಳ್ಳುಳ್ಳಿ, ತುಪ್ಪ, ಬಿಸಿ ಅನ್ನ, ಸಬ್ಬಸಿಗೆ ಸೊಪ್ಪು. ನಲವತ್ತು ಜನ. ಒಬ್ಬ "ಇದಕ್ಕೆ ಯಾವ ಬಿಯರ್ ಹೊಂದುತ್ತದೆ?" ಎಂದು ಕೇಳಿದ. "ಬಾಣಂತಿಯನ್ನು ಕೇಳಿ" ಅಂದೆ. ಅಲ್ಲಿಗೆ ಮುಗಿಯಬೇಕಿತ್ತು. ಬಾಲರಾಜು ಮೈಕು ತಂದು ಕೈಗೆ ತುರುಕಿದ. "ಎರಡ್ ಮಾತು ಅಕ್ಕ."

ಏನು ಹೇಳಿದೆನೋ. ಈ ಊಟವನ್ನು ಹೀಗೆ ಗುಂಪಾಗಿ ಯಾರೂ ಉಣ್ಣುವುದಿಲ್ಲ ಅಂದೆ. ಬಾಗಿಲು ಹಾಕಿದ ಕೋಣೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ. ಮೂರು ತಿಂಗಳು ಒಬ್ಬಳೇ. ಕಣ್ಣಲ್ಲಿ ನೀರು ಬಂದರೆ ಮೆಣಸಿನ ಖಾರ ಅನ್ನುತ್ತಾರೆ, ನೀವೂ ಹಾಗೇ ಅನ್ನುತ್ತೀರಿ. ಎಲ್ಲರೂ ಮಗು ನೋಡಲು ಬರುತ್ತಾರೆ. ಹೀಗೆ ಹೇಳುತ್ತಾ ಹೋದೆ. ಲೋಟ ಎತ್ತಿದವರು ಹಾಗೇ ಕೆಳಗಿಟ್ಟರು. ಮರಳವಾಡಿಯಿಂದ ಬಂದಿದ್ದ ಹೆಂಗಸೊಬ್ಬರು ಇನ್ನೊಂದು ಸಲ ಸಾರು ಹಾಕಿಸಿಕೊಂಡು, ತಮ್ಮ ಮಗನಿಗೆ ಈಗ ಇಪ್ಪತ್ತೆಂಟು ವರ್ಷ ಅಂದರು. ಅಷ್ಟೇ ಅಂದರು.

ಅತ್ತೆ ಮನೆಗೆ ಬಂದಮೇಲೆ, "ನಂಗ್ ಹೇಳ್ಬಾರ್ದಿತ್ತಾ ಮಗಾ, ಆವಾಗ್ಲೇ?" ಅಂದರು. ನಾನು ಬೆಳ್ಳುಳ್ಳಿ ಹೆಚ್ಚಾಗಿತ್ತು ಅಂದೆ. ನಿಜಕ್ಕೂ ಹೆಚ್ಚಾಗಿತ್ತು.

ಆಗಸ್ಟ್ 5, ಮಂಗಳವಾರ

ಅರ್ಜಿ ಹಿಡಿದು ಅಬಕಾರಿಯವರು ಬಂದರು. ನಮ್ಮ ಜಗುಲಿಯಲ್ಲೇ ವಿಚಾರಣೆ. ಮೇಷ್ಟ್ರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದರು, ಬಾಲರಾಜು ಗೇಟಿನ ಹತ್ತಿರ ಉಗುರು ಕಚ್ಚುತ್ತ ನಿಂತಿದ್ದ.

"ಕಾರಣ ಒಂದು, ಹಸುಗೂಸುಗಳ ಆರೋಗ್ಯ," ಅಧಿಕಾರಿ ಓದಿದರು. "ಅಕ್ಷರ ನಿಮ್ದಂತಲ್ಲಮ್ಮ. ಯಾವ ಮಗು? ಏನಾಗೈತೆ?"

ಪಾಪು ನನ್ನ ತೊಡೆಯ ಮೇಲಿದ್ದಳು. ಗಲ್ಲಕ್ಕೆಲ್ಲ ರಾಗಿ ಮೆತ್ತಿತ್ತು. ಹುಳುಮನೆ ಮುಚ್ಚಿದರೆ ನಾಳಿದ್ದಿನ ಬಟ್ಟಲು ಎಲ್ಲಿಂದ ಬರಬೇಕು ಎಂಬುದೊಂದೇ ತಲೆಯಲ್ಲಿದ್ದದ್ದು. ಅವರ ಜೇಬಿನ ಪೆನ್ನು ಕೇಳಿ ಇಸಿದುಕೊಂಡು ಒಂದನೆಯ ಕಾರಣದ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದೆ. "ಇದು ಸುಳ್ಳು. ನಾನು ಬರೆದದ್ದು."

"ಏನವ್ವ, ಗೋಡೆ ಹಾರ್ಬುಟ್ಟಾ?" ಮೇಷ್ಟ್ರು ಕೆಂಪಾದರು.

"ಉಳಿದ ಮೂರು ನಿಜ ಮೇಷ್ಟ್ರೇ. ಆ ಮೈಕು ಮನುಷ್ಯರು ಕೇಳುವಂಥದ್ದಲ್ಲ."

ಮೈಕು ಬಂದ್ ಮಾಡಿಸಿ, ಕಾರುಗಳನ್ನು ಬೀದಿಯಿಂದಾಚೆ ನಿಲ್ಲಿಸಬೇಕೆಂದು ಬರೆದುಕೊಂಡು ಹೋದರು. ಮೇಷ್ಟ್ರು ಇನ್ನು ನನ್ನ ಅಕ್ಷರವನ್ನು ಹೊಗಳುವುದಿಲ್ಲ.

ಆಗಸ್ಟ್ 6, ಬುಧವಾರ

ಆರು ಕೆಜಿ ಇನ್ನೂರೈವತ್ತು.

ಇನ್ನೂ ಹಳದಿಯೇ. ಆದರೆ ಗೆರೆ ಮೇಲಕ್ಕೆ ಹತ್ತಿದೆ. ರಾಧಾಮಣಿ ಮೇಡಂ ಎರಡು ಸಲ ತೂಗಿದರು. "ಏರ್ತಾ ಐತೆ, ಆಸ್ಪತ್ರೆ ಬ್ಯಾಡ. ಹಿಂಗೇ ನಡ್ಸು. ಏನ್ ತಿನ್ಸ್ದೆ?" ಸಾಲಿನಲ್ಲಿ ಐದಾರು ತಾಯಂದಿರು ಕತ್ತು ಚಾಚಿದರು. "ಹುಳುಮನೆ ರಾಗಿ" ಅಂದೆ, ಗಟ್ಟಿಯಾಗಿಯೇ. ಕಿಸಕ್ ಎಂದು ನಕ್ಕರು. ನಗಲಿ. ಅವರಲ್ಲಿ ಇಬ್ಬರು ಸಂಜೆಯೊಳಗೆ ಗೇಟಿನ ಹತ್ತಿರ ಬಂದು, ಎಷ್ಟು ಹೊತ್ತು ನೆನೆಸಬೇಕು ಎಂದು ಪಿಸುಗುಟ್ಟಿದರು. ಒಬ್ಬಳು ರಾಗಿಯನ್ನು ಬಿಸಿನೀರಿನಲ್ಲಿ ನೆನೆಸುತ್ತಿದ್ದಳಂತೆ. ಎಂಥೆಂಥವರು ಇರುತ್ತಾರೆ ಜಗತ್ತಿನಲ್ಲಿ.

ಆಗಸ್ಟ್ 15, ಶುಕ್ರವಾರ

ಇವತ್ತು ಸರ್ಕಾರ ಕುಡಿಯಬೇಡಿ ಎಂದ ದಿನ. ಹುಳುಮನೆಗೆ ಬೀಗ, ಕೆಲಸದವರಿಗೆ ರಜೆ. ಬಾಲರಾಜು ಬಿಳಿ ಜುಬ್ಬಾ ಹಾಕಿಕೊಂಡು ಬಾವುಟ ಹಾರಿಸಲು ಹೋಗಿದ್ದ, ತಾನೇ ಸ್ವಾತಂತ್ರ್ಯ ತಂದವನ ಹಾಗೆ. ಆದರೆ ಮೊಳಕೆ ಒಡೆಯುವ ರಾಗಿಗೆ ರಜೆಯಿಲ್ಲ. ಶುಕ್ರವಾರದ ನಮಾಜಿಗೆ ಹೊರಟ ಮತೀನಣ್ಣ ನಮ್ಮ ಗೇಟಿಗೆ ಬಂದು, "ಕೆಂಚಮ್ಮೋರೆ, ಒಂದ್ಗಂಟೆಗೆ ಒಸಿ ತಿರುವ್ಬುಡಿ" ಎಂದು ಬೀಗದ ಕೈ ಚಾಚಿದರು. ಅತ್ತೆಯ ಕೈಯಲ್ಲಿ ಒಬ್ಬಟ್ಟಿನ ಹೂರಣ. ನಾನೇ ಹೋಗಬೇಕಾಯಿತು. ಆ ತಟ್ಟೆಗಳಲ್ಲಿ ಒಂದು ಪಾಪುವಿನದು, ಒಂದು ಅಂಗನವಾಡಿಯ ಆ ಇಬ್ಬರದು.

ಒಳಗೆ ಸದ್ದೇ ಇರಲಿಲ್ಲ. ಹದಿನೆಂಟು ತಟ್ಟೆ. ಮೊಳಕೆ ಬರುವಾಗ ರಾಗಿ ತನ್ನಷ್ಟಕ್ಕೆ ಬಿಸಿಯಾಗುತ್ತದೆ, ಕೈಯಿಟ್ಟರೆ ನಿದ್ದೆಯಿಂದ ಎದ್ದ ಮಗುವಿನ ಬೆನ್ನಿನಂತೆ. ತಿರುವಿ ಮುಗಿಸಿ, ಪಾಪುವಿಗೆ ಹಾಲು ಕೊಡಲು ಗೋಣಿಚೀಲದ ಅಟ್ಟಿಯ ಪಕ್ಕ ಚಾಪೆಯ ಮೇಲೆ ಒರಗಿದೆ.

ಕಣ್ಣು ಬಿಟ್ಟಾಗ ನಾಲ್ಕೂಕಾಲು. ಬಾಗಿಲಲ್ಲಿ ಅತ್ತೆ, ಅವರ ಹಿಂದೆ ಟೋಪಿ ಕೈಯಲ್ಲಿ ಹಿಡಿದ ಮತೀನಣ್ಣ. ಒಳಗೆ ಬರಲು ಇಬ್ಬರೂ ಧೈರ್ಯ ಮಾಡಿರಲಿಲ್ಲ. ಪಾಪು ನನ್ನ ಹೊಟ್ಟೆಗೆ ಕಾಲು ಕೊಟ್ಟು ಮಲಗಿದ್ದಳು. "ಎಬ್ಬುಸ್ಬ್ಯಾಡಿ ಅಂದೆ ಕಣಮ್ಮಿ," ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. "ಇಡೀ ರಾಮನಗ್ರದಲ್ಲಿ ಕುಡೀದೆ ಬಾರಲ್ ಬಿದ್ದೋಳು ನೀನೊಬ್ಳೇ."

ಮೂರು ಗಂಟೆ ನಿದ್ದೆ. ಬಾರಿನ ನೆಲದ ಮೇಲೆ. ಯಾರಿಗೂ ಹೇಳುವಂಥದ್ದಲ್ಲ.

ಐದಕ್ಕೆ ಮತ್ತೆ ತಿರುವಬೇಕು, ಈಗ ಹೊರಟಿದ್ದೇನೆ. ಮತೀನಣ್ಣನವರು ನಡುವಿನದನ್ನು ಚೆನ್ನಾಗಿ ತಿರುವುತ್ತಾರೆ, ಅಂಚಿನದನ್ನು ಹಾಗೇ ಬಿಟ್ಟುಬಿಡುತ್ತಾರೆ. ಮೂವತ್ತು ವರ್ಷದ ಅನುಭವವಂತೆ.